ಹಂಚಿಕೊಂಡು ಬೆಳೆದ ಪೈಥಾನ್

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ನಿಜವಾದ ಸಂಪತ್ತು ಇರುವುದು ಅದರ ಬಳಕೆದಾರರೇ ಬರೆದು ಹಂಚಿರುವ ಪ್ಯಾಕೇಜುಗಳಲ್ಲಿ, ಅಂದರೆ ಸಿದ್ಧ ಕೋಡ್‌ನ ಕಟ್ಟುಗಳಲ್ಲಿ. 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಈ ಭಾಷೆಯೂ ಇದೆ. ಪಾಠದಿಂದ ಒಂದು ಹೆಜ್ಜೆ ಆಚೆ ಇಟ್ಟ ವಿದ್ಯಾರ್ಥಿಗೆ ಎದುರಾಗುವುದು ಈ ಪ್ಯಾಕೇಜುಗಳ ಭಂಡಾರವೇ. ಇದರ ಮುಖ್ಯ ಉಗ್ರಾಣವಾದ ಪೈಪಿಐ 2003ರಿಂದ ಇದೆ. ಇಂದು ಅಲ್ಲಿ 5 ಲಕ್ಷಕ್ಕೂ ಹೆಚ್ಚು ಪ್ಯಾಕೇಜುಗಳಿವೆ.

ಈ ಪ್ಯಾಕೇಜುಗಳ ಉಪಯೋಗಕ್ಕೆ ಉದಾಹರಣೆಯಾಗಿ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕನ್ನೇ ನೋಡಬಹುದು. ಅಲ್ಲಿ ಮಲಪ್ರಭಾ ನದಿ ಹುಟ್ಟುವ ಕಣಕುಂಬಿಯ ಮಳೆಗೂ ಬೆಳಗಾವಿ ನಗರದ ಮಳೆಗೂ ಅಜಗಜಾಂತರ. ದಿನದಿನದ ಅಂಕಿಗಳು ಕೋಷ್ಟಕದಲ್ಲಿದ್ದರೆ, ತಿಂಗಳುವಾರು ಕೂಡಿಸಿ ಎರಡೂ ಊರುಗಳನ್ನು ಹೋಲಿಸಲು ಪಾಂಡಾಸ್ ಪ್ಯಾಕೇಜಿನಲ್ಲಿ ನಾಲ್ಕೈದು ಸಾಲು ಬರೆದರೆ ಸಾಕು. ವೆಸ್ ಮೆಕಿನ್ನಿ 2008ರಲ್ಲಿ ಆರಂಭಿಸಿದ ಇದನ್ನು ಮುಂದೆ ಸಾವಿರಾರು ಕೈಗಳು ತಿದ್ದಿ ಬೆಳೆಸಿದವು. ಇಂಥ ಔದಾರ್ಯ ಬೇರೆ ಕಸುಬುಗಳಲ್ಲಿ ಅಪರೂಪ.

ಆರಂಭ ಸರಳ. ಮೊದಲು ಪ್ರತಿ ಕೆಲಸಕ್ಕೂ ಪೈಥಾನ್‌ನ ‘ವೆನ್ವ್’ ಸಾಧನ ಬಳಸಿ ಪ್ರತ್ಯೇಕ ಆವರಣ ಕಟ್ಟಿಕೊಳ್ಳಬೇಕು. ಆಗ ಒಂದರ ಪ್ಯಾಕೇಜು ಇನ್ನೊಂದನ್ನು ಕೆಡಿಸದು. ಬಳಿಕ ‘ಪಿಪ್ ಇನ್‌ಸ್ಟಾಲ್ ಪಾಂಡಾಸ್’ ಎಂಬ ಆದೇಶ ಕೊಟ್ಟರೆ, ಪಾಂಡಾಸ್ ಜೊತೆಗೆ ಅದಕ್ಕೆ ಬೇಕಾದ ನಂಪೈ ಪ್ಯಾಕೇಜು ಕೂಡ ತಾನಾಗಿ ಬರುತ್ತದೆ. ಪ್ಯಾಕೇಜಿನ ಹೆಸರಿನ ಒಂದಕ್ಷರವೂ ತಪ್ಪಬಾರದು: ಹೋಲುವ ಹೆಸರಿಟ್ಟು ಕುತಂತ್ರಾಂಶ ಸೇರಿಸುವವರೂ ಇದ್ದಾರೆ. ಇನ್‌ಸ್ಟಾಲ್ ಮಾಡುವ ಮೊದಲು ಪ್ಯಾಕೇಜಿನ ಕರ್ತೃ, ಪರವಾನಗಿ, ಕೊನೆಯ ಆವೃತ್ತಿಯ ದಿನಾಂಕ ಇಷ್ಟನ್ನಾದರೂ ನೋಡಿಕೊಳ್ಳಬೇಕು.