ದೋಷದ ಮೂಲ ಎಲ್ಲಿ? ಕ್ಯಾಮೆರಾ ಬದಲಿಸುವ ರೂಢಿಯ ವಿಮರ್ಶೆ

ವಿಜಯಪುರ ನಗರ, ತಿಕೋಟಾ, ಬಬಲೇಶ್ವರ ಹಾಗೂ ಈ ಸೀಮೆಯ ಜೈನಾಪುರದಂಥ ಊರುಗಳಲ್ಲಿ ಛಾಯಾಗ್ರಹಣವು ಮದುವೆ, ಕುಬಸ, ಜಾವಳ, ಗೃಹಪ್ರವೇಶ, ಜಾತ್ರೆಗಳನ್ನು ನೆಚ್ಚಿಕೊಂಡ ಕಸುಬು. ಕೈಯಲ್ಲಿರುವ ಕ್ಯಾಮೆರಾ ವ್ಯವಸ್ಥೆಯನ್ನು ಮಾರಿ ಹೊಸದಕ್ಕೆ ಹೋಗಬೇಕೋ ಅಥವಾ ಇರುವುದರಲ್ಲೇ ಕೈ ಪಳಗಿಸಿಕೊಳ್ಳಬೇಕೋ ಎಂಬ ಪ್ರಶ್ನೆ ಈ ಕಸುಬಿನ ಮುಂದೆ ಈಗ ನಿಂತಿದ್ದು, ಅದಕ್ಕೆ ಸಿಗುವ ಉತ್ತರಗಳು ಸಾಮಾನ್ಯವಾಗಿ ಎರಡು ಘೋಷಣೆಗಳಲ್ಲಿ ಮುಗಿದುಹೋಗುತ್ತವೆ. ಹೊಸ ಕ್ಯಾಮೆರಾ ಬಂದರೆ ಚಿತ್ರ ತಾನಾಗಿ ಸುಧಾರಿಸುತ್ತದೆ ಎಂಬುದು ಒಂದು, ಕ್ಯಾಮೆರಾ ಯಾವುದಾದರೇನು ಕಣ್ಣು ಮುಖ್ಯ ಎಂಬುದು ಇನ್ನೊಂದು. ಎರಡೂ ಘೋಷಣೆಗಳು ಕೆಟ್ಟ ಚಿತ್ರವೊಂದನ್ನು ಎದುರಿಗಿಟ್ಟುಕೊಂಡು ಅದು ಏಕೆ ಕೆಟ್ಟಿತು ಎಂದು ಕೇಳುವ ಶ್ರಮವನ್ನು ತಪ್ಪಿಸಿಕೊಳ್ಳುವುದರಿಂದ, ಈ ರೂಢಿಯ ಮೌಲ್ಯಮಾಪನವನ್ನು ಆ ಪ್ರಶ್ನೆಯಿಂದಲೇ ಆರಂಭಿಸುವುದು ಉಚಿತ.

ವ್ಯವಸ್ಥೆ ಎಂಬ ಮಾತಿನಲ್ಲಿ ಕಸುಬಿನವರು ‘ಬಾಡಿ’ ಎಂದು ಕರೆಯುವ ಕ್ಯಾಮೆರಾದ ಒಡಲು, ಅದಕ್ಕೆ ಹೊಂದುವ ಲೆನ್ಸುಗಳು, ಫ್ಲಾಷ್, ಬ್ಯಾಟರಿ ಇವೆಲ್ಲ ಸೇರುತ್ತವೆ. ಇವುಗಳಲ್ಲಿ ಒಡಲನ್ನೂ ಲೆನ್ಸುಗಳನ್ನೂ ಕಟ್ಟಿಹಾಕುವ ಗಂಟು ‘ಮೌಂಟ್’, ಅಂದರೆ ಲೆನ್ಸು ಬಂದು ಕೂರುವ ಲೋಹದ ಬಳೆ. ನಿಕಾನ್ ಸಂಸ್ಥೆಯು 1959ರಲ್ಲಿ ತಂದ ಎಫ್ ಮೌಂಟನ್ನು ಡಿಜಿಟಲ್ ಯುಗದವರೆಗೂ ಉಳಿಸಿಕೊಂಡು ಬಂದರೆ, ಕ್ಯಾನನ್ ಸಂಸ್ಥೆಯು 1987ರಲ್ಲಿ ಇಎಫ್ ಮೌಂಟಿಗೆ ಹಾರಿದಾಗ ಅದರ ಹಿಂದಿನ ಎಫ್‌ಡಿ ಲೆನ್ಸುಗಳನ್ನು ಕೂಡಿಟ್ಟವರ ಆಸ್ತಿ ಒಂದೇಟಿಗೆ ಹಳತಾಯಿತು. ಸೋನಿಯು 2013ರಲ್ಲಿ ಪೂರ್ಣಗಾತ್ರದ ಸೆನ್ಸರ್ ಇರುವ ಕನ್ನಡಿರಹಿತ ಕ್ಯಾಮೆರಾಗಳನ್ನು ತಂದ ಮೇಲೆ, 2018ರಲ್ಲಿ ನಿಕಾನ್ ಝಡ್ ಮೌಂಟಿಗೂ ಕ್ಯಾನನ್ ಆರ್‌ಎಫ್ ಮೌಂಟಿಗೂ ದಾಟಿದವು. ಕನ್ನಡಿರಹಿತ ಅಥವಾ ‘ಮಿರರ್‌ಲೆಸ್’ ಎಂದರೆ, ಲೆನ್ಸಿನಿಂದ ಬಂದ ಬೆಳಕನ್ನು ನೋಡುಗಿಂಡಿಗೆ ತಿರುಗಿಸುವ ಕನ್ನಡಿಯನ್ನು ತೆಗೆದುಹಾಕಿ, ಸೆನ್ಸರ್ ಕಾಣುವುದನ್ನೇ ಕಿರುಪರದೆಯ ಮೇಲೆ ತೋರಿಸುವ ಕ್ಯಾಮೆರಾ. ಕನ್ನಡಿಯ ಜಾಗ ಉಳಿದದ್ದರಿಂದ ಮೌಂಟಿನಿಂದ ಸೆನ್ಸರಿಗೆ ಇರುವ ಅಂತರವು ನಿಕಾನ್‌ನಲ್ಲಿ 46.5 ಮಿ.ಮೀ.ನಿಂದ 16 ಮಿ.ಮೀ.ಗೆ, ಕ್ಯಾನನ್‌ನಲ್ಲಿ 44 ಮಿ.ಮೀ.ನಿಂದ 20 ಮಿ.ಮೀ.ಗೆ ಇಳಿಯಿತು. ಹಳೆಯ ಲೆನ್ಸುಗಳನ್ನು ನಡುವೆ ಅಡಾಪ್ಟರ್ ಎಂಬ ಬಳೆಯಿಟ್ಟು ಹೊಸ ಒಡಲಿಗೆ ಜೋಡಿಸಲು ಸಾಧ್ಯವಾದದ್ದು ಇದರಿಂದಲೇ. ಆದರೆ ಒಡಲಿನ ಮೋಟಾರನ್ನೇ ನಂಬಿದ ನಿಕಾನ್‌ನ ಹಳೆಯ ಎಎಫ್-ಡಿ ಲೆನ್ಸುಗಳು ಅದರದೇ ಅಡಾಪ್ಟರಿನಲ್ಲಿ ತಾವಾಗಿ ಫೋಕಸ್ ಮಾಡುವುದಿಲ್ಲವೆಂಬಂಥ ಸಣ್ಣ ವಿವರಗಳು ಖರೀದಿಯ ಲೆಕ್ಕವನ್ನು ಬುಡಮೇಲು ಮಾಡಬಲ್ಲವು.

ವ್ಯವಸ್ಥೆ ಬದಲಿಸುವವರು ಕೊಡುವ ಮೊದಲ ಕಾರಣ ಬೆಳಕಿನ ಕೊರತೆ. ಮಂಗಲ ಕಾರ್ಯಾಲಯದ ಒಳಗೆ ಅಥವಾ ಹಂದರದ ನೆರಳಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ಚಿತ್ರಗಳು ಮಂಕಾಗುತ್ತವೆ, ಕಾಳುಗಳು ಗೆರೆಗಳಾಗುತ್ತವೆ, ನೆರಳಿನ ಭಾಗಗಳಲ್ಲಿ ಕಸುಬಿನವರು ‘ನಾಯ್ಸ್’ ಎನ್ನುವ ಚುಕ್ಕೆಗಳು ಏಳುತ್ತವೆ. ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಬೀಳುತ್ತಿರುವ ಕಾಳು ಸೆಕೆಂಡಿನ 60ನೇ ಒಂದು ಭಾಗದಲ್ಲಿ ಸುಮಾರು 7 ಸೆಂ.ಮೀ. ಸಾಗುತ್ತದೆ, 500ನೇ ಒಂದು ಭಾಗದಲ್ಲಿ 8 ಮಿ.ಮೀ. ಮಾತ್ರ, ಆದ್ದರಿಂದ ಕಾಳು ಕಾಳಾಗಿಯೇ ಕಾಣಬೇಕಾದರೆ ಶಟರ್ ಅಷ್ಟು ಬೇಗ ಮುಚ್ಚಬೇಕು, ಅಷ್ಟು ಬೇಗ ಮುಚ್ಚಿದಾಗ ಒಳಬರುವ ಬೆಳಕು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಈ ಕೊರತೆ ತುಂಬಲು ಸಣ್ಣ ಸೆನ್ಸರಿನಿಂದ 36×24 ಮಿ.ಮೀ. ಅಳತೆಯ ಪೂರ್ಣಗಾತ್ರದ ಸೆನ್ಸರಿಗೆ ಹೋದರೆ, ವಿಸ್ತೀರ್ಣದ ಲೆಕ್ಕದಲ್ಲಿ ದೊರೆಯುವ ಬೆಳಕು ಸುಮಾರು ಎರಡೂಕಾಲರಿಂದ ಎರಡೂವರೆ ಪಟ್ಟು. ಅದೇ ಹಳೆಯ ಒಡಲಿಗೆ, ಕ್ಯಾಮೆರಾದ ಜತೆ ಬಂದ ಎಫ್ 5.6ರ ಜೂಮ್ ಲೆನ್ಸಿನ ಬದಲು ಎಫ್ 1.8ರ 50 ಮಿ.ಮೀ. ಲೆನ್ಸನ್ನು ಹಾಕಿದರೆ ದೊರೆಯುವುದು ಹತ್ತಿರಹತ್ತಿರ ಹತ್ತು ಪಟ್ಟು. ಎಫ್ ಸಂಖ್ಯೆಯು ಲೆನ್ಸಿನ ನಾಭಿದೂರವನ್ನು ಅದರ ಬೆಳಕಿಂಡಿಯ ವ್ಯಾಸದಿಂದ ಭಾಗಿಸಿದಾಗ ಬರುವ ಅಂಕಿಯಾಗಿದ್ದು, ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಬೆಳಕು ಆ ಅಂಕಿಯ ವರ್ಗದ ವಿಲೋಮದಲ್ಲಿ ಏರುತ್ತದೆ. ವ್ಯವಸ್ಥೆ ಬದಲಿಸುವ ಖರ್ಚಿನ ಸಣ್ಣ ಪಾಲಿಗೆ ಸಿಗುವ ಲೆನ್ಸು ಅದಕ್ಕಿಂತ ದೊಡ್ಡ ಲಾಭ ಕೊಡುತ್ತದೆಂಬುದು ಹೀಗೆ ಅಂಕಗಣಿತದಿಂದಲೇ ಸಿದ್ಧವಾಗುತ್ತದೆ. ಆದರೂ ಆ ಲಾಭ ಪುಕ್ಕಟೆಯಲ್ಲ. ಕಿಂಡಿ ಅಷ್ಟು ತೆರೆದಾಗ ಸ್ಫುಟವಾಗಿ ಕಾಣುವ ಆಳ ತೀರ ತೆಳುವಾಗುವುದರಿಂದ, ವಧುವಿನ ಕಣ್ಣು ನಿಚ್ಚಳವಾಗಿ ವರನ ಮುಖ ಮಸುಕಾದೀತು. ಇಬ್ಬರೂ ಲೆನ್ಸಿನಿಂದ ಸಮದೂರದಲ್ಲಿ ಬರುವ ಕೋನವನ್ನು ಮುಹೂರ್ತಕ್ಕೆ ಮೊದಲೇ ಹುಡುಕಿಟ್ಟುಕೊಳ್ಳುವ ಹೊಣೆ ಛಾಯಾಗ್ರಾಹಕನದೇ.

ಎರಡನೆಯ ದೂರು ಬಣ್ಣದ್ದು ಮತ್ತು ಬಿಳುಪಿನದು. ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಟೋಪಿ ತೊಟ್ಟ ಹಿರಿಯರ ಸಾಲನ್ನು ತೆಗೆದರೆ ಅವರೆಲ್ಲ ಬೂದು ಬಣ್ಣದಲ್ಲಿ ಮೂಡುತ್ತಾರೆ, ಕರಿಯ ಚಂದ್ರಕಾಳಿ ಸೀರೆಯುಟ್ಟವರ ಹತ್ತಿರದ ಚಿತ್ರ ತೆಗೆದರೆ ಸೀರೆಯ ಕಪ್ಪು ಸೋರಿಹೋಗಿ ಮುಖ ಸುಣ್ಣ ಬಳಿದಂತಾಗುತ್ತದೆ. ಈ ಎರಡು ದೋಷಗಳ ಮೂಲ ಒಂದೇ. ಕ್ಯಾಮೆರಾದ ಬೆಳಕಿನ ಮಾಪಕವು ತನ್ನೆದುರಿನ ದೃಶ್ಯವನ್ನು ಸರಾಸರಿ ನಡುಬೂದು ಎಂದೇ ಭಾವಿಸುವಂತೆ ರೂಪುಗೊಂಡಿದ್ದು, ಬಿಳಿಯನ್ನು ಕೆಳಕ್ಕೆ ಎಳೆಯುತ್ತದೆ, ಕಪ್ಪನ್ನು ಮೇಲಕ್ಕೆ ಎತ್ತುತ್ತದೆ. ದುಬಾರಿ ಕ್ಯಾಮೆರಾಗಳು ಮುಖವನ್ನು ಗುರುತಿಸಿ ಈ ತಪ್ಪನ್ನು ಸ್ವಲ್ಪ ತಗ್ಗಿಸುತ್ತವೆಯಾದರೂ, ಬಿಳಿಗೆ ಬೆಳಕನ್ನು ಕೂಡಿಸಬೇಕು, ಕಪ್ಪಿಗೆ ಕಳೆಯಬೇಕು ಎಂಬ ಒಂದು ಗುಂಡಿಯ ತಿಳಿವಳಿಕೆ ಅತ್ಯಂತ ಅಗ್ಗದ ಕ್ಯಾಮೆರಾದಲ್ಲೂ ಇದನ್ನು ಸರಿಪಡಿಸುತ್ತದೆ. ಹಂದರದ ಕೆಂಪು, ಹಳದಿ ಬಟ್ಟೆಗೆ ಫ್ಲಾಷನ್ನು ತಿರುಗಿಸಿ ಹೊಡೆದಾಗ ಆ ಬಣ್ಣವೇ ಮುಖಗಳ ಮೇಲೆ ಇಳಿಯುವುದೂ ಇದೇ ಜಾತಿಯ ದೋಷ. ಯಾವ ಮೌಂಟ್ ಬದಲಿಸಿದರೂ ಬಟ್ಟೆಯ ಬಣ್ಣ ಬದಲಾಗುವುದಿಲ್ಲ.

ಮೂರನೆಯ ದೂರು ವಿಜಯಪುರ ನಗರಕ್ಕೆ ವಿಶೇಷವಾದದ್ದು, ಏಕೆಂದರೆ ಮದುವೆಗೆ ಮುಂಚಿನ ಜೋಡಿಚಿತ್ರಗಳಿಗೂ ಪ್ರವಾಸಿ ಚಿತ್ರಗಳಿಗೂ ಇಲ್ಲಿ ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾಕಮಾನುಗಳೇ ಹಿನ್ನೆಲೆ. ಸುಮಾರು 51 ಮೀಟರ್ ಎತ್ತರದ ಗೋಳಗುಮ್ಮಟವನ್ನು ಹತ್ತಿರದಿಂದ ಕ್ಯಾಮೆರಾ ಮೇಲೆತ್ತಿ ತೆಗೆದಾಗ ಮೂಲೆಯ ಮಿನಾರುಗಳು ಒಂದರತ್ತ ಒಂದು ವಾಲಿ ಇಡೀ ಕಟ್ಟಡ ಹಿಂದಕ್ಕೆ ಬೀಳುವಂತೆ ತೋರುತ್ತದೆ, ಮತ್ತು ಇದನ್ನು ಲೆನ್ಸಿನ ದೋಷವೆಂದು ತಿಳಿಯುವುದು ಸಾಮಾನ್ಯ. ವಾಸ್ತವದಲ್ಲಿ ಅದು ವಾಲಿಸಿದ ಕ್ಯಾಮೆರಾದ ಜ್ಯಾಮಿತಿ. ಕ್ಯಾಮೆರಾವನ್ನು ನೆಲಕ್ಕೆ ಸಮತಟ್ಟಾಗಿ ಹಿಡಿದು, ಚೌಕಟ್ಟನ್ನು ಉದ್ದಕ್ಕೆ ತಿರುಗಿಸಿ, ಸಾಕಷ್ಟು ಹಿಂದೆ ಸರಿದರೆ ಗೆರೆಗಳು ನೆಟ್ಟಗೆ ನಿಲ್ಲುತ್ತವೆ. ಕೆಳಗಿನ ಅರ್ಧದಲ್ಲಿ ಬರುವ ನೆಲವನ್ನು ಆಮೇಲೆ ಕತ್ತರಿಸಬಹುದು. ಪೂರ್ಣಗಾತ್ರದ ಸೆನ್ಸರಿನಲ್ಲಿ 24 ಮಿ.ಮೀ. ಲೆನ್ಸಿಗೆ ಈ ದೂರ ಸುಮಾರು 66 ಮೀಟರ್, ಸಣ್ಣ ಸೆನ್ಸರಿನ ಸಾಧಾರಣ 18 ಮಿ.ಮೀ. ಲೆನ್ಸಿಗೆ ಸುಮಾರು 75 ಮೀಟರ್. ಗುಮ್ಮಟದ ತುದಿ ಮುಂಭಾಗದ ಗೋಡೆಗಿಂತ ಹಿಂದಿರುವುದರಿಂದ ವಾಸ್ತವದಲ್ಲಿ ಇನ್ನೂ ಕಡಿಮೆ ಸಾಕಾದೀತು. ಲಕ್ಷಗಟ್ಟಲೆ ಹಣದ ಎರಡು ವ್ಯವಸ್ಥೆಗಳ ನಡುವಿನ ಅಂತರ ಈ ಒಂದು ಚಿತ್ರದ ಮಟ್ಟಿಗೆ 9 ಮೀಟರ್, ಅಂದರೆ ಹನ್ನೆರಡು ಹೆಜ್ಜೆ.

ಹೆಜ್ಜೆಯಷ್ಟೇ ಮುಖ್ಯವಾದದ್ದು ದಿನಾಂಕ. ವಿಜಯಪುರವು ಉತ್ತರ ಅಕ್ಷಾಂಶ 16.8 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ಸೂರ್ಯನು ವರ್ಷಕ್ಕೆ ಎರಡು ಸಲ, ಮೇ ತಿಂಗಳ ಮೊದಲ ಭಾಗದಲ್ಲೂ ಆಗಸ್ಟ್ ಮೊದಲ ವಾರದಲ್ಲೂ, ಇಲ್ಲಿ ನೆತ್ತಿಯ ಮೇಲೆ ಬರುತ್ತಾನೆ. ಆ ಎರಡು ದಿನಗಳ ನಡುವಿನ ಅವಧಿಯಲ್ಲಿ ಅವನು ಉದಯದಿಂದ ಅಸ್ತದವರೆಗೂ ಉತ್ತರ ಭಾಗದಲ್ಲೇ ಸಂಚರಿಸುವುದರಿಂದ, ನೇರ ದಕ್ಷಿಣಕ್ಕೆ ಮುಖಮಾಡಿದ ಗೋಡೆಗೆ ಇಡೀ ದಿನ ನೇರ ಬಿಸಿಲು ತಾಗುವುದೇ ಇಲ್ಲ. ಡಿಸೆಂಬರಿನಲ್ಲಾದರೋ ನಡುಹಗಲಿನ ಸೂರ್ಯನೂ ದಕ್ಷಿಣದಲ್ಲಿ ಸುಮಾರು 50 ಡಿಗ್ರಿ ಎತ್ತರದಲ್ಲಿ ನಿಂತು, ಚಾಚುಸೂರಿನ ಕೆಳಗಿನ ಕೆತ್ತನೆಗೆ ಓರೆಬೆಳಕು ಕೊಡುತ್ತಾನೆ. ಜೂನ್ ತಿಂಗಳಲ್ಲಿ ಚಪ್ಪಟೆಯಾಗಿ ಬಂದ ದಕ್ಷಿಣ ಮುಖದ ಚಿತ್ರವನ್ನು ಕಂಡು ಕ್ಯಾಮೆರಾ ಮಾರಲು ಹೊರಡುವವನು, ಪಂಚಾಂಗ ನೋಡಿ ಆರು ತಿಂಗಳು ಕಾಯುವುದು ಹೆಚ್ಚು ಲಾಭದಾಯಕ.

ಇದೇ ಸ್ಮಾರಕಗಳ ಮುಂದೆ ಛಾಯಾಗ್ರಹಣದ ಇತಿಹಾಸವೂ ಇಂಥದೇ ಆಯ್ಕೆಯೊಂದನ್ನು ಎದುರಿಸಿತ್ತು. 1855ರಲ್ಲಿ ಮುಂಬಯಿ ಪ್ರಾಂತ್ಯದ ಸ್ಮಾರಕಗಳನ್ನು ಚಿತ್ರಿಸಲು ನೇಮಕಗೊಂಡ ಸೈನ್ಯಾಧಿಕಾರಿ ಥಾಮಸ್ ಬಿಗ್ಸ್ ಕಾಗದದ ನೆಗೆಟಿವ್ ಪದ್ಧತಿಯಲ್ಲಿ ಬಿಜಾಪುರ (ಇಂದಿನ ವಿಜಯಪುರ), ಬಾದಾಮಿ, ಐಹೊಳೆಗಳ ಚಿತ್ರಗಳನ್ನು ತೆಗೆದನು. ಅಷ್ಟು ಹೊತ್ತಿಗೆ ಗಾಜಿನ ಮೇಲೆ ಕೊಲೋಡಿಯನ್ ಲೇಪಿಸುವ, ಹೆಚ್ಚು ಸ್ಫುಟವಾದ ಪದ್ಧತಿ 1851ರಲ್ಲೇ ಪ್ರಕಟವಾಗಿತ್ತು. ಆದರೆ ಆ ಗಾಜನ್ನು ಲೇಪ ಹಸಿಯಿರುವಾಗಲೇ ಒಡ್ಡಿ, ಹಸಿಯಿರುವಾಗಲೇ ಕತ್ತಲ ಗುಡಾರದಲ್ಲಿ ತೊಳೆಯಬೇಕಾಗಿದ್ದು, ಲೇಪ ಬೇಗ ಒಣಗುವ ದಖ್ಖನ್ನಿನ ಬಿಸಿಲಿನಲ್ಲಿ ಮುಂಚಿತವಾಗಿ ಸಿದ್ಧಪಡಿಸಿಕೊಂಡು ಒಯ್ಯಬಹುದಾದ ಕಾಗದಕ್ಕೆ ತನ್ನದೇ ಅನುಕೂಲವಿತ್ತು. ಬಿಗ್ಸ್ ಮತ್ತು ಮೇಜರ್ ಲಾಕ್ ಸ್ಥಳದಲ್ಲೇ ತೆಗೆದ ಚಿತ್ರಗಳು, ಮೆಡೋಸ್ ಟೇಲರನ ಐತಿಹಾಸಿಕ ನಿರೂಪಣೆ, ಜೇಮ್ಸ್ ಫರ್ಗ್ಯುಸನ್ನನ ವಾಸ್ತು ಟಿಪ್ಪಣಿಗಳು ಸೇರಿ 1866ರಲ್ಲಿ ‘ಆರ್ಕಿಟೆಕ್ಚರ್ ಆಟ್ ಬೀಜಾಪುರ್’ ಎಂಬ ಗ್ರಂಥವಾಗಿ ಹೊರಬಂದವು. ಆ ಗ್ರಂಥದಲ್ಲಿ ಕಟ್ಟಡಗಳ ಛಾಯಾಚಿತ್ರಗಳ ಜತೆಗೆ ಕ್ಯಾಪ್ಟನ್ ಹಾರ್ಟ್, ಕಮಿಂಗ್ ಹಾಗೂ ಹೆಸರು ದಾಖಲಾಗದ ದೇಶೀಯ ನಕ್ಷೆಗಾರರು ಬರೆದ ರೇಖಾಚಿತ್ರಗಳ ಛಾಯಾಚಿತ್ರಗಳೂ ಸೇರಿವೆ. ಕಟ್ಟಡದ ತಳವಿನ್ಯಾಸವನ್ನಾಗಲಿ ಗುಮ್ಮಟವನ್ನು ಸೀಳಿ ನೋಡಿದಂತಿರುವ ಛೇದವನ್ನಾಗಲಿ ಯಾವ ಕ್ಯಾಮೆರಾವೂ ತೆಗೆಯಲಾರದು. ಉಪಕರಣಕ್ಕೆ ಆಗದ ಕೆಲಸಕ್ಕೆ ಬೇರೆ ಕೈಯ ಫಲವನ್ನು ಸೇರಿಸಿಕೊಂಡ ಈ ವಿವೇಕವೇ ಆ ಗ್ರಂಥದಿಂದ ಇಂದಿನ ಚರ್ಚೆಗೆ ಸಿಗುವ ಅಳತೆಗೋಲು.

ಇದೇ ಅಳತೆಗೋಲನ್ನು ‘ಕಣ್ಣು ಮುಖ್ಯ’ ಎಂಬ ಎರಡನೆಯ ಘೋಷಣೆಗೂ ಹಚ್ಚಬೇಕು, ಹಚ್ಚಿದಾಗ ಅದೂ ಅರ್ಧಸತ್ಯವಾಗಿಯೇ ಉಳಿಯುತ್ತದೆ. ಮೆರವಣಿಗೆಯಲ್ಲಿ ಕುಣಿಯುತ್ತ ಬರುವ ಹತ್ತಾರು ಮುಖಗಳ ನಡುವೆ ಒಂದು ಕಣ್ಣನ್ನು ಹಿಡಿದು ಬಿಡದೆ ಹಿಂಬಾಲಿಸುವ ಹೊಸ ಕ್ಯಾಮೆರಾಗಳ ಶಕ್ತಿ, ಚೌಕಟ್ಟಿನ ನಡುವೆ ಕೆಲವೇ ಫೋಕಸ್ ಬಿಂದುಗಳಿರುವ ಹಳೆಯ ಕ್ಯಾಮೆರಾದಲ್ಲಿ ಎಷ್ಟು ಅಭ್ಯಾಸ ಮಾಡಿದರೂ ಬರುವಂಥದಲ್ಲ. ಪೂಜೆಯ ಮೌನದಲ್ಲಿ ಸದ್ದಿಲ್ಲದೆ ತೆಗೆಯುವುದು, ಒಂದೇ ಒಡಲಿನಿಂದ ಚಿತ್ರವನ್ನೂ ಉತ್ತಮ ವಿಡಿಯೊವನ್ನೂ ಪಡೆಯುವುದು, ಬೆಳಕಿನ ಬದಲಾವಣೆಯ ಫಲವನ್ನು ಗುಂಡಿ ಒತ್ತುವ ಮೊದಲೇ ನೋಡುಗಿಂಡಿಯಲ್ಲಿ ಕಾಣುವುದು ಇವೂ ನಿಜವಾದ ಲಾಭಗಳೇ. ಹಳೆಯ ಒಡಲಿಗೆ ಬಿಡಿಭಾಗಗಳು ಸಿಗದಂತಾದಾಗ ಕೌಶಲದ ಉಪದೇಶ ಮಾಡುವುದು ಕಸುಬಿನವನ ಹೊಟ್ಟೆಪಾಡಿನ ಬಗ್ಗೆ ತೋರುವ ಉಡಾಫೆಯೇ ಸರಿ.

ಆದರೂ ಹೊಸ ಶಕ್ತಿಗಳು ಹೊಸ ವಿದ್ಯೆಯನ್ನು ಬೇಡುತ್ತವೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಸಾಲುಸಾಲಾಗಿ ಓದುವುದರಿಂದ, 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುವ ಅಗ್ಗದ ಎಲ್‌ಇಡಿ ದೀಪಗಳ ಕೆಳಗೆ ಚಿತ್ರದ ಅಡ್ಡಕ್ಕೆ ಕಪ್ಪು ಪಟ್ಟೆಗಳು ಬೀಳಬಹುದು. ಶಟರನ್ನು ಸೆಕೆಂಡಿನ 100ನೇ ಅಥವಾ 50ನೇ ಒಂದು ಭಾಗಕ್ಕೆ ಇಳಿಸಬೇಕು, ಇಲ್ಲವೇ ಯಾಂತ್ರಿಕ ಶಟರಿಗೆ ಮರಳಬೇಕು ಎಂಬುದು ಗೊತ್ತಿಲ್ಲದವನಿಗೆ ಹೊಸ ಕ್ಯಾಮೆರಾ ಹಳೆಯದಕ್ಕಿಂತ ಕೆಟ್ಟ ಚಿತ್ರವನ್ನು ಕೊಡುತ್ತದೆ. ಕನ್ನಡಿ ಇಲ್ಲದ ಅನೇಕ ಒಡಲುಗಳಲ್ಲಿ ಲೆನ್ಸು ಬಿಚ್ಚಿದೊಡನೆ ಸೆನ್ಸರ್ ಬಯಲಾಗುವುದರಿಂದ, ಬೇಸಿಗೆಯ ಗಾಳಿಗೆ ಎರೆಮಣ್ಣಿನ ಧೂಳೇಳುವ ಈ ನಾಡಿನಲ್ಲಿ ಲೆನ್ಸು ಬದಲಿಸುವ ಜಾಗ ಯಾವುದೆಂಬುದೂ ಒಂದು ಶಿಸ್ತಾಗುತ್ತದೆ.

ಹೀಗಾಗಿ ನಿರ್ಧಾರಕ್ಕೆ ಹೊರಡುವ ಮೊದಲು ಒಂದು ಹಂಗಾಮಿನಲ್ಲಿ ತಿರಸ್ಕೃತವಾದ ಚಿತ್ರಗಳನ್ನು ಅಳಿಸದೆ ಇಟ್ಟುಕೊಂಡು, ಒಂದೊಂದರ ದೋಷವನ್ನೂ ನಿಂತ ಜಾಗದ್ದು, ಬೆಳಕಿನದು, ಕ್ಷಣದ್ದು, ಮಾಪನದ್ದು, ಉಪಕರಣದ್ದು ಎಂದು ಐದು ರಾಶಿಗಳಾಗಿ ವಿಂಗಡಿಸುವುದು ವಿವೇಕದ ಕ್ರಮ. ಮೊದಲ ನಾಲ್ಕು ರಾಶಿಗಳು ದೊಡ್ಡದಾಗಿದ್ದರೆ ಹಣವನ್ನು ಒಂದು ಒಳ್ಳೆಯ ಲೆನ್ಸಿಗೂ ಫ್ಲಾಷಿಗೂ ಹಾಕಿ ಉಳಿದುದನ್ನು ಅಭ್ಯಾಸಕ್ಕೆ ಬಿಡಬೇಕು. ಐದನೆಯ ರಾಶಿ ದೊಡ್ಡದಾಗಿದ್ದರೆ ಅದರೊಳಗೂ ಯಾವ ಗುಣದ ಕೊರತೆ ಎಂದು ಗುರುತಿಸಿ, ಆ ಗುಣವಿರುವ ಕ್ಯಾಮೆರಾವನ್ನು ಒಂದೆರಡು ಕಾರ್ಯಕ್ರಮಗಳಿಗೆ ಬಾಡಿಗೆಗೆ ತಂದು, ರಾಶಿ ಕರಗುತ್ತದೆಯೇ ಎಂದು ನೋಡಬೇಕು. ಕರಗಿದರೆ ಬದಲಾವಣೆ ನ್ಯಾಯವಾದದ್ದು, ಅದನ್ನು ಅಡಾಪ್ಟರಿನ ಮೂಲಕ ಹಳೆಯ ಲೆನ್ಸುಗಳನ್ನು ಉಳಿಸಿಕೊಂಡು ಹಂತಹಂತವಾಗಿ ಮಾಡುವುದು ಜಾಣತನ. ಕರಗದಿದ್ದರೆ ಆ ದೋಷಗಳ ವಿಂಗಡಣೆಯೇ ತಪ್ಪಿತ್ತೆಂದು ತಿಳಿದು ಮತ್ತೆ ರಾಶಿಗಳ ಮುಂದೆ ಕೂರಬೇಕು.

ಈ ಕ್ರಮದಿಂದ ನೋಡಿದಾಗ ವ್ಯವಸ್ಥೆ ಬದಲಿಸುವ ರೂಢಿಯಲ್ಲಿ ತಪ್ಪಿರುವುದು ಬದಲಾವಣೆಯಲ್ಲಿ ಅಲ್ಲ, ಅದು ನಡೆಯುವ ಅನುಕ್ರಮದಲ್ಲಿ. ಜೈನಾಪುರದಂಥ ಊರಿನಲ್ಲಿ ಒಂದೇ ಒಡಲಿನಿಂದ ಸಂಸಾರ ನಡೆಸುವವನಿಗೆ, ಮಾರಿ ಕೊಳ್ಳುವಾಗ ಕೈಬಿಟ್ಟುಹೋಗುವ ಹಣ ಒಂದು ಹಂಗಾಮಿನ ದುಡಿಮೆಯನ್ನೇ ನುಂಗಬಹುದಾದ್ದರಿಂದ ಈ ಅನುಕ್ರಮ ಅವನಿಗೆ ಇನ್ನಷ್ಟು ಅಗತ್ಯ. ಬಿಜಾಪುರದ ಆ ಗ್ರಂಥದಲ್ಲಿ ಕ್ಯಾಮೆರಾ ಎಲ್ಲಿ ನಿಲ್ಲುತ್ತದೆಂದು ತೋರಿಸಿಕೊಡುವುದು ನಕ್ಷೆಗಾರರು ಬರೆದ ರೇಖಾಚಿತ್ರಗಳು. ಇಂದಿನ ಛಾಯಾಗ್ರಾಹಕನಿಗೂ ತನ್ನ ಕ್ಯಾಮೆರಾ ಎಲ್ಲಿ ನಿಲ್ಲುತ್ತದೆಂಬುದನ್ನು ಹೇಳಬಲ್ಲದ್ದು ಅವನೇ ತಿರಸ್ಕರಿಸಿದ ಚಿತ್ರಗಳ ರಾಶಿ. ಅಂಗಡಿಯ ಗಾಜಿನ ಕಪಾಟಿನಲ್ಲಿ ಆ ಉತ್ತರ ಸಿಗುವುದಿಲ್ಲ.