ಗಾಳಿಯಂತ್ರದ ಚಿತ್ರಗಳೂ ಕಪಿಲೆಯ ನೆನಪೂ

ಸುರಪುರದ ಚಿತ್ರಕಲೆಯೆಂದೊಡನೆ ಹೊನ್ನಿನ ಲೇಪದಿಂದ ಬೆಳಗುವ ದೇವತೆಗಳೂ ದೊರೆಗಳ ಭಾವಚಿತ್ರಗಳೂ ಕಣ್ಣಮುಂದೆ ನಿಲ್ಲುತ್ತವೆ. ಸುತ್ತಲಿನ ಹೊಲ, ಬಾವಿ, ಎತ್ತುಗಳು ಆ ಕಲೆಗೆ ಮುಖ್ಯ ವಸ್ತುವಾಗಲಿಲ್ಲ. ಅದೇ 19ನೆಯ ಶತಮಾನದಲ್ಲಿ ಯುರೋಪಿನ ಚಿತ್ರಕಾರರು ದುಡಿಮೆಯ ಸಾಧನವಾದ ಗಾಳಿಯಂತ್ರವನ್ನು ಭೂದೃಶ್ಯದ ನಡುವೆ ನಿಲ್ಲಿಸಿದರು. ಉಗಿಯಂತ್ರವು ಅದನ್ನು ಹಿಂದಕ್ಕೆ ತಳ್ಳುತ್ತಿದ್ದ ಕಾಲವದು. ಅಳಿಯುತ್ತಿರುವ ದುಡಿಮೆಯನ್ನು ಕಲೆ ಹೇಗೆ ನೆನೆಯಬೇಕೆಂಬುದಕ್ಕೆ ಅವರ ಕೃತಿಗಳು ಒಳ್ಳೆಯ ನಿದರ್ಶನ.

ಇಂಗ್ಲೆಂಡಿನ ಜಾನ್ ಕಾನ್‌ಸ್ಟೆಬಲ್ (1776–1837) ಗಿರಣಿಯ ಒಡೆಯನ ಮಗ. ತಾರುಣ್ಯದಲ್ಲಿ ತಾನೇ ಗಾಳಿಗಿರಣಿಯಲ್ಲಿ ದುಡಿದವನು. ಹುಟ್ಟೂರು ಈಸ್ಟ್ ಬರ್ಗ್‌ಹೋಲ್ಟಿನ ಬಯಲನ್ನು ಚಿತ್ರಿಸಿದ ‘ವಸಂತ’ದಲ್ಲಿ ಆ ಗಿರಣಿಯಿದೆ, ಉಳುಮೆಯಿದೆ, ಮೇಲೆ ಸರಿಯುವ ಮೋಡಗಳಿವೆ. ಗಿರಣಿಯವನಿಗೆ ಆಕಾಶವು ಬರಿಯ ಚೆಲುವಲ್ಲ, ಅಂದಿನ ಅನ್ನ. ಆ ಅರಿವು ಕುಂಚದಲ್ಲಿಳಿದಿರುವುದರಿಂದಲೇ ಚಿತ್ರ ಜೀವಂತವಾಗಿದೆ.

ಹಾಲೆಂಡಿನ ಗೇಬ್ರಿಯಲ್ ಸುಮಾರು 1889ರಲ್ಲಿ ಬರೆದ ‘ಜುಲೈ ತಿಂಗಳಲ್ಲಿ’ ಎಂಬ ಕೃತಿಯಲ್ಲಿ, ತಗ್ಗುಭೂಮಿಯ ನೀರನ್ನು ಹೊರಹಾಕುವ ಗಾಳಿಯಂತ್ರವು ಕಾಲುವೆಯಲ್ಲಿ ತನ್ನ ಬಿಂಬವನ್ನು ಚೆಲ್ಲಿ ನಿಂತಿದೆ. ಅದಕ್ಕೆ ಬಹು ಮೊದಲೇ, 1849ರಿಂದ 1852ರೊಳಗೆ, ಹಾರ್ಲೆಮ್ ಸರೋವರವನ್ನು ಉಗಿಪಂಪುಗಳು ಬರಿದುಮಾಡಿದ್ದವು. ಇಲ್ಲಿಯ ಬೆಳಕು ಮನೋಹರ. ಆದರೆ ದುಡಿಮೆಯ ಆತಂಕ ದೂರ ಸರಿದಿದೆ, ವಿರಾಮದ ಸೊಗಸು ಉಳಿದಿದೆ.

ಈ ವ್ಯತ್ಯಾಸ ನಮ್ಮ ನಾಡಿಗೂ ಸಲ್ಲುತ್ತದೆ. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಪೂರ್ಣಗೊಂಡ ಬಳಿಕ ಕೃಷ್ಣೆಯ ನೀರು ಕಾಲುವೆಗಳಲ್ಲಿ ಸುರಪುರ, ಶಹಾಪುರಗಳ ಹೊಲಗಳನ್ನು ಮುಟ್ಟಿತು. ಕಪಿಲೆ ಬಾವಿಗಳು ನೆನಪಿಗೆ ಸರಿದವು. ಆ ನೆನಪನ್ನು ನಾವು ಸಿಹಿಯಾಗಿ ಹೇಳಿಕೊಳ್ಳುತ್ತೇವೆ. ಆದರೆ ಗಾಳಿಯಂತ್ರವನ್ನು ತಿರುಗಿಸಿದ್ದು ಗಾಳಿ. ಕಪಿಲೆಯನ್ನು ಎಳೆದದ್ದು ಉಸಿರಿರುವ ಎತ್ತು. ತುಂಬಿದ ತೊಗಲ ಚೀಲವನ್ನೆಳೆಯುತ್ತ ಇಳಿಜಾರಿನಲ್ಲಿಳಿದು, ಮತ್ತೆ ಹಿಮ್ಮೆಟ್ಟಿ ಏರುವುದು ಅದರ ದಿನಚರಿ. ಕಾಲುವೆ ಆ ಹೊರೆಯನ್ನು ಇಳಿಸಿತು. ಅದೇ ಯೋಜನೆಯ ಹಿನ್ನೀರು ಊರುಗಳನ್ನೂ ನುಂಗಿತು. ಎರಡನ್ನೂ ಕಾಣದ ಕಣ್ಣು ಅರೆಗಣ್ಣು.

ಸಭಾಭವನದ ಗೋಡೆಗೆ ಹಳೆಯ ಹಳ್ಳಿಯ ಚಿತ್ರ ಬರೆಸುವ ಟ್ರಸ್ಟುಗಳು ಇದನ್ನು ಮನಗಾಣಬೇಕು. ಬಾವಿ, ಮರ, ಸಂಜೆಗೆಂಪು ಎಲ್ಲವೂ ಇರಲಿ. ನೊಗ ತಿಕ್ಕಿ ಜಡ್ಡುಗಟ್ಟಿದ ಎತ್ತಿನ ಹೆಗಲೂ ಅಲ್ಲಿರಲಿ. ನೋವನ್ನು ಒರೆಸಿಹಾಕಿದ ಸೌಂದರ್ಯವು ಕಣ್ಣಿಗೆ ಹಬ್ಬವಾದೀತು, ಮನಸ್ಸಿಗೆ ಸಂಸ್ಕಾರವಾಗಲಾರದು.