ನಕ್ಷೆಗೆ ಕಾಣದ ಮಳೆಗಾಲ

ಕೆರೆ ಎಲ್ಲಿತ್ತು, ಹಳ್ಳ ಎಲ್ಲಿ ಹರಿಯುತ್ತಿತ್ತು ಎಂಬ ವಿವಾದ ಎದ್ದಾಗಲೆಲ್ಲ ನಾವು ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಯನ್ನು ಸಾಕ್ಷಿಗೆ ಕರೆಯುತ್ತೇವೆ. ಆ ಸಾಕ್ಷಿಯನ್ನೂ ಪಾಟೀಸವಾಲಿಗೆ ಒಳಪಡಿಸುವುದು ಅಗತ್ಯ. ಬೆಳಗಾವಿಯ ಹೊರವಲಯ ಅದಕ್ಕೆ ತಕ್ಕ ಉದಾಹರಣೆ.

ಈ ನಕ್ಷೆಗಳಲ್ಲಿ ಒಂದು ಬಗೆಯ ನ್ಯಾಯನಿಷ್ಠೆಯಿದೆ. ಗುಡಿ, ಮಸೀದಿ, ಚರ್ಚು, ಈದ್ಗಾ, ಗೋರಿ, ಬಾವಿ ಎಲ್ಲಕ್ಕೂ ಒಂದೊಂದು ಚಿಹ್ನೆ. ಯಾವುದೂ ಹೆಚ್ಚಲ್ಲ, ಯಾವುದೂ ಕಡಿಮೆಯಲ್ಲ. ಆದರೆ ನೀರಿನ ವಿಷಯದಲ್ಲಿ ಆ ನಿಷ್ಠೆ ಅಪೂರ್ಣ. ಸರ್ವೇಯರುಗಳು ಹೊಲಕ್ಕಿಳಿಯುತ್ತಿದ್ದುದು ಹೆಚ್ಚಾಗಿ ಮಳೆ ನಿಂತ ಮೇಲೆ. ಆದ್ದರಿಂದ ವರ್ಷವಿಡೀ ಹರಿಯುವ ನೀರು ನೀಲಿಯಾಯಿತು. ಬೇಸಿಗೆಯಲ್ಲಿ ಬತ್ತುವ ಹಳ್ಳ ಕಪ್ಪು ಗೆರೆಯಾಯಿತು. ಬಡಾವಣೆ ಮಾಡುವವರ ಕಣ್ಣಿಗೆ ಕಪ್ಪು ಗೆರೆಯೆಂದರೆ ಖಾಲಿ ಜಾಗ.

ಸಮೋನ್ನತ ರೇಖೆಗಳೂ ಇದನ್ನು ತಿದ್ದಲಾರವು. ಒಂದು ಇಂಚಿಗೆ ಒಂದು ಮೈಲಿಯ ಹಳೆಯ ನಕ್ಷೆಯಲ್ಲಿ ಅವುಗಳ ಅಂತರ ಸಾಮಾನ್ಯವಾಗಿ 50 ಅಡಿ. ನಂತರದ 1:50,000 ನಕ್ಷೆಯಲ್ಲಿ 20 ಮೀಟರ್. ಮನೆಯೊಳಗೆ ನೀರು ನುಗ್ಗಲು ಒಂದು ಮೀಟರ್ ತಗ್ಗು ಸಾಕು. ಯಳ್ಳೂರು, ವಡಗಾವಿ, ಹಲಗಾ ಕಡೆಯ ಗದ್ದೆಗಳ ನಡುವೆ ಸಾಗಿ ಮಾರ್ಕಂಡೇಯ ನದಿ ಸೇರುವ ಬಳ್ಳಾರಿ ನಾಲಾ ಉಕ್ಕಿದಾಗ ಬೆಳೆ ಮುಳುಗಿಸುವುದು ಇಂಥ ತಗ್ಗುಗಳಲ್ಲೇ.

ಇನ್ನೊಂದು ತೊಡಕು ಹಾಳೆಗಳ ಅಂಚಿನದು. 74 ಡಿಗ್ರಿ 30 ಮಿನಿಟ್ ರೇಖಾಂಶದಲ್ಲಿ ಹಾಳೆ ಬದಲಾಗುವುದರಿಂದ ಬೆಳಗಾವಿ ನಗರ ಎರಡು ಹಾಳೆಗಳಿಗೆ ಹಂಚಿಹೋಗಿದೆ. ಮಾರ್ಕಂಡೇಯದ ಮೇಲ್ಭಾಗದ ರಾಕಸಕೊಪ್ಪ ಪಶ್ಚಿಮದ ಹಾಳೆಯಲ್ಲಿ. ನದಿ ಮುಂದೆ ಸಾಗುವುದು ಪೂರ್ವದ ಹಾಳೆಯಲ್ಲಿ. ಒಂದನ್ನೇ ಬಿಡಿಸಿ ನೋಡಿದವನಿಗೆ ಅರ್ಧ ನದಿ ಮಾತ್ರ ಸಿಗುತ್ತದೆ. ದಕ್ಷಿಣದ ಖಾನಾಪುರ ಹಾಳೆಗಳಲ್ಲಿ ಕಾಡು ಹಸಿರಾಗಿ ಹರಡಿದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯ ಹರಿವೂ ಅಲ್ಲಿದೆ. ಆದರೆ ಆ ಕಾಡನ್ನು ನಂಬಿ ಬದುಕುವ ಗೌಳಿಗಳ ದನಗಳು ಎಲ್ಲಿ ಮೇಯುತ್ತವೆ ಎಂಬುದನ್ನು ಹಸಿರು ಬಣ್ಣ ಹೇಳುವುದಿಲ್ಲ.

2019ರ ಆಗಸ್ಟ್‌ನಲ್ಲಿ ಜಿಲ್ಲೆ ನೆರೆಗೆ ತುತ್ತಾದಾಗ ನಗರದ ತಗ್ಗು ಬಡಾವಣೆಗಳಿಗೂ ನೀರು ನುಗ್ಗಿತು. ಇಂಥ ಹೊತ್ತಿನಲ್ಲಿ ಒತ್ತುವರಿಯ ಆರೋಪ ಮೊದಲು ಬೀಳುವುದು ಬಡವರ ಗುಡಿಸಲ ಮೇಲೆ. ಗದ್ದೆಯನ್ನು ನಿವೇಶನವಾಗಿಸಿದ ಅನುಮತಿ ಪತ್ರಗಳನ್ನು ಯಾರೂ ತೆರೆಯುವುದಿಲ್ಲ.

ಹಳೆಯ ನಕ್ಷೆಗಳನ್ನು ಎಸೆಯಬೇಕೆಂದು ನಾವು ಹೇಳುತ್ತಿಲ್ಲ. ಹಳ್ಳವೊಂದು ಇತ್ತೆಂದು ರುಜುಪಡಿಸಲು ಅವು ಬೇಕೇ ಬೇಕು. ಹಳ್ಳ ಇರಲಿಲ್ಲವೆಂದು ರುಜುಪಡಿಸಲು ಮಾತ್ರ ಅವು ಸಾಲವು. 2021ರ ಫೆಬ್ರವರಿಯ ಮಾರ್ಗಸೂಚಿಗಳ ನಂತರ ದೇಶದಲ್ಲಿ ನಕ್ಷೆ ತಯಾರಿಕೆಯ ಮೇಲಿನ ನಿರ್ಬಂಧಗಳು ಸಾಕಷ್ಟು ಸಡಿಲಗೊಂಡಿವೆ. ಇನ್ನಾದರೂ ಜುಲೈ, ಆಗಸ್ಟ್‌ನಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆಂದು ರೈತರನ್ನು ಕೇಳಿ ಬರೆದ ನಕ್ಷೆಯೊಂದು ನಗರ ಯೋಜಕರ ಮೇಜಿನ ಮೇಲಿರಬೇಡವೇ?